7.0 ಪೂರ್ಣಾಂಕವೇ, ದಶಮಾಂಶವೇ?

ಪ್ರಶ್ನೆ: ಏಳನೆಯ ತರಗತಿಯಲ್ಲಿರುವ ಮಗಳು, 7.0 ಎಂಬುದು ಪೂರ್ಣಾಂಕವೋ ದಶಮಾಂಶ ಸಂಖ್ಯೆಯೋ ಎಂದು ಕೇಳಿದಳು. ಬಿಂದು ಇರುವುದರಿಂದ ದಶಮಾಂಶ ಎಂದೆ. ‘ಹಾಗಾದರೆ 7ಕ್ಕೂ 7.0ಕ್ಕೂ ಬೆಲೆ ಒಂದೇ ಏಕೆ?’ ಎಂದಳು. ದಯವಿಟ್ಟು ವಿವರಿಸಿ.

ಉತ್ತರ: ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಾಳೆ. ಒಂದು ಸಂಖ್ಯೆ ಪೂರ್ಣಾಂಕ ಹೌದೋ ಅಲ್ಲವೋ ಎಂಬುದನ್ನು ಅದರ ಬೆಲೆ ನಿರ್ಧರಿಸುತ್ತದೆ; ದಶಮಾಂಶವಾದರೋ ಬೆಲೆಯನ್ನು ಬರೆದು ತೋರಿಸುವ ಒಂದು ಕ್ರಮ. ಆದ್ದರಿಂದ 7.0 ಎಂಬುದು ದಶಮಾಂಶ ರೂಪದಲ್ಲಿ ಬರೆದ ಪೂರ್ಣಾಂಕ. 14/2 ಕೂಡ ಪೂರ್ಣಾಂಕವೇ.

ಸೊನ್ನೆ, 1, 2, 3 ಮುಂತಾದವು ಹಾಗೂ -1, -2, -3 ಮುಂತಾದ ಋಣಸಂಖ್ಯೆಗಳು ಸೇರಿ ಪೂರ್ಣಾಂಕಗಳಾಗುತ್ತವೆ. ಇವುಗಳನ್ನು ಕೂಡಿದರೂ, ಕಳೆದರೂ, ಗುಣಿಸಿದರೂ ಪೂರ್ಣಾಂಕವೇ ಬರುತ್ತದೆ. ಭಾಗಾಕಾರದಲ್ಲಿ ಮಾತ್ರ ಆ ಖಾತರಿಯಿಲ್ಲ. 7ನ್ನು 2ರಿಂದ ಭಾಗಿಸಿದಾಗ ಬರುವ ಮೂರೂವರೆಯನ್ನು ಬರೆಯಲು ಬಿಡಿಸ್ಥಾನದ ಬಲಕ್ಕೆ ಬಿಂದುವಿಟ್ಟು, ಹತ್ತನೆಯ ಒಂದು, ನೂರನೆಯ ಒಂದು ಎಂದು ಸ್ಥಾನಬೆಲೆಯನ್ನು ಮುಂದುವರಿಸುತ್ತೇವೆ: 3.5.

ಪೂರ್ಣಾಂಕಗಳಲ್ಲಿ 7ರ ಮುಂದಿನದು 8, ನಡುವೆ ಮತ್ತೊಂದಿಲ್ಲ. 7.1ರ ಮುಂದಿನ ಸಂಖ್ಯೆ ಯಾವುದೆಂದು ಮಗಳನ್ನು ಕೇಳಿ ನೋಡಿ. 7.2 ಎಂದರೆ 7.11 ಅದಕ್ಕಿಂತ ಹತ್ತಿರದಲ್ಲಿದೆ, 7.11 ಎಂದರೆ 7.101 ಇನ್ನೂ ಹತ್ತಿರದಲ್ಲಿದೆ, ಹೀಗೆ ಎಷ್ಟು ಹತ್ತಿರ ಹೋದರೂ ನಡುವೆ ಇನ್ನೊಂದು ಸಂಖ್ಯೆ ಇದ್ದೇ ಇರುವುದರಿಂದ, ‘ಮುಂದಿನ ಸಂಖ್ಯೆ’ ಎಂಬುದೇ ಅಲ್ಲಿ ಇಲ್ಲ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ಪ್ರಶ್ನೆ ಹೆಚ್ಚು ಕಲಿಸುತ್ತದೆಂಬುದು ನನ್ನ ಅಭಿಪ್ರಾಯ.

ಎಲ್ಲ ಭಿನ್ನರಾಶಿಗಳೂ ದಶಮಾಂಶ ರೂಪದಲ್ಲಿ ಮುಗಿಯುವುದಿಲ್ಲ. 1/8 ಎಂಬುದು 0.125ಕ್ಕೆ ನಿಲ್ಲುತ್ತದೆ, 1/3 ಎಂಬುದು 0.333… ಎಂದು ಸಾಗುತ್ತಲೇ ಇರುತ್ತದೆ. ಭಿನ್ನರಾಶಿಯನ್ನು ಸಂಕ್ಷೇಪಿಸಿದ ಮೇಲೆ ಛೇದದಲ್ಲಿ 2 ಮತ್ತು 5ನ್ನು ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನವಿಲ್ಲದಿದ್ದರೆ ಮಾತ್ರ ದಶಮಾಂಶ ಕೊನೆಗೊಳ್ಳುತ್ತದೆ. ಏಕೆಂದರೆ 10ರ ಅವಿಭಾಜ್ಯ ಅಪವರ್ತನಗಳು ಅವೆರಡೇ.

ಗಣಿತದಲ್ಲಿ 7 ಮತ್ತು 7.0 ಸಮವೆಂದ ಮಾತ್ರಕ್ಕೆ ಎಲ್ಲೆಡೆ ಆ ಸೊನ್ನೆಯನ್ನು ಅಳಿಸಿಹಾಕುವಂತಿಲ್ಲ. ಅಳತೆಯಲ್ಲಿ 7 ಸೆಂ.ಮೀ. ಎಂದರೆ ನಿಜವಾದ ಉದ್ದ ಸುಮಾರು 6.5ರಿಂದ 7.5ರೊಳಗಿದೆ ಎಂದೂ, 7.0 ಸೆಂ.ಮೀ. ಎಂದರೆ 6.95ರಿಂದ 7.05ರೊಳಗಿದೆ ಎಂದೂ ಅರ್ಥ. ಅಲ್ಲಿ ಸೊನ್ನೆಯು ಅಳತೆಯ ನಿಖರತೆಯನ್ನು ಹೇಳುತ್ತದೆ.

ಕಂಪ್ಯೂಟರ್‌ನಲ್ಲೂ ಅನೇಕ ಪ್ರೋಗ್ರಾಮಿಂಗ್ ಭಾಷೆಗಳು 7 ಮತ್ತು 7.0ನ್ನು ಬೇರೆ ಬೇರೆ ರೀತಿಯಲ್ಲಿ ಸಂಗ್ರಹಿಸುತ್ತವೆ. ಮಗಳು ಮುಂದೆ ಪೈಥಾನ್ ಕಲಿತಾಗ 0.1 ಮತ್ತು 0.2ನ್ನು ಕೂಡಿಸಿದರೆ ತೆರೆಯ ಮೇಲೆ 0.30000000000000004 ಎಂದು ಬರುತ್ತದೆ. ಕಾರಣ ಮೇಲೆ ಹೇಳಿದ ನಿಯಮವೇ: ಯಂತ್ರದ ಲೆಕ್ಕ ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ, ನಡೆಯುವುದರಿಂದ ಸಂಖ್ಯೆ ಮುಗಿಯಬೇಕಾದರೆ ಛೇದದ ಅವಿಭಾಜ್ಯ ಅಪವರ್ತನಗಳಲ್ಲಿ 2 ಮಾತ್ರ ಇರಬೇಕು, 1/10ರ ಛೇದದಲ್ಲಿ 5 ಕೂಡ ಇರುವುದರಿಂದ ಅದು ಅಲ್ಲಿ ಮುಗಿಯದೆ, ಎಲ್ಲೋ ಒಂದು ಕಡೆ ಕತ್ತರಿಸಬೇಕಾಗುತ್ತದೆ.