ಕಂಬಳ ಸರಿ, ಗೂಳಿಕಾಳಗ ತಪ್ಪು ಅನ್ನೋದು ಹೇಗೆ?

ಸ್ಪೇನಿನ ಗೂಳಿಕಾಳಗವನ್ನು ಕ್ರೌರ್ಯ ಅನ್ನುವವರು ಕಂಬಳವನ್ನು ಮಾತ್ರ ಸಂಸ್ಕೃತಿ ಅನ್ನೋದು ಹೇಗೆ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆಯೇ. ಎರಡೂ ಒಂದೇ ಅಲ್ಲ, ಹಾಗಂತ ನಾವು ಬೀಗುವ ಹಾಗೂ ಇಲ್ಲ.

ಅಲ್ಲಿ ಮೊದಲು ಕುದುರೆ ಮೇಲಿನವನು ಗೂಳಿಯ ಹೆಗಲಿಗೆ ಈಟಿ ಚುಚ್ಚುತ್ತಾನೆ, ಅದು ತಲೆ ತಗ್ಗಿಸಲಿ ಅಂತ. ಆಮೇಲೆ ಬಣ್ಣದ ಕಾಗದ ಸುತ್ತಿದ ಮುಳ್ಳುಕೋಲುಗಳನ್ನು ಜೋಡಿಜೋಡಿಯಾಗಿ ನೆಡುತ್ತಾರೆ. ಕೊನೆಗೆ ಮಟಡೋರನ, ಅಂದರೆ ಗೂಳಿಯನ್ನು ಕೊಲ್ಲುವ ಮುಖ್ಯ ಕಾಳಗಗಾರನ, ಕತ್ತಿ. ಸಾವು ಅಲ್ಲಿ ಅವಘಡವಲ್ಲ, ಆಟದ ಮೂರನೇ ಅಂಕ. ಅದಿಲ್ಲದೆ ಆಟವೇ ಇಲ್ಲ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ: ಪೋರ್ಚುಗಲ್‌ನಲ್ಲಿ ಸಾಮಾನ್ಯವಾಗಿ ಅಖಾಡದಲ್ಲಿ ಕೊಲ್ಲುವುದಿಲ್ಲ, ಆಟ ನಡೆದೇ ಇದೆ. (ಆಮೇಲೆ ಬಹುಪಾಲು ಗೂಳಿಗಳಿಗೆ ಕಸಾಯಿಖಾನೆ ತಪ್ಪದು, ಅದು ಬೇರೆ ಮಾತು.)

ಕಂಬಳದ ಕೋಣ ಓಟ ಮುಗಿಸಿ ಹಟ್ಟಿಗೆ ಮರಳುತ್ತದೆ. ಇಲ್ಲಿ ತಕರಾರು ಕೋಣ ಓಡಿಸುವಾಗ ಬೀಸುವ ಬೆತ್ತದ್ದು. 2023ರಲ್ಲಿ ಸುಪ್ರೀಂ ಕೋರ್ಟ್ ಕಂಬಳದ ಕಾನೂನನ್ನು ಎತ್ತಿಹಿಡಿದದ್ದು ಬಾಸುಂಡೆ ಬರುವಂತೆ ಬಾರಿಸಲು ಕೊಟ್ಟ ಪರವಾನಗಿಯಲ್ಲ.

ಇನ್ನು, ‘ಪರಂಪರೆ’ ಆದ್ದರಿಂದ ಉಳಿಯಲೇಬೇಕು ಅನ್ನುವ ವಾದ. ಸ್ಪೇನಿನದೇ ಪ್ರಾಂತ್ಯವಾದ ಕೆಟಲೋನಿಯಾ 2010ರಲ್ಲಿ ಕಾಳಗ ನಿಷೇಧಿಸಿತು; 2016ರಲ್ಲಿ ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ ಆ ನಿಷೇಧವನ್ನು ರದ್ದುಮಾಡಿತು. ಆದರೂ ಅಲ್ಲಿನ ರಾಜಧಾನಿ ಬಾರ್ಸಿಲೋನಾದಲ್ಲಿ ಕಾಳಗ ಮತ್ತೆ ಶುರುವಾಗಲಿಲ್ಲ. ಜನಕ್ಕೇ ಬೇಡವಾಗಿತ್ತು ಅಂತ ನನ್ನ ಅನಿಸಿಕೆ.