ದೇವರ ಮೇಲಿನ ನಂಬಿಕೆ ಹೋದ ಮೇಲೆ ನನ್ನ ಬೆಲೆ ಎಲ್ಲಿಂದ ಬರಬೇಕು?

ನಿಮ್ಮದು ಕಾಸರಗೋಡಿನ ಪೆರ್ಲದ ಕಡೆಯ ಮನೆ, ವರ್ಷಕ್ಕೊಂದು ನೇಮ ಎಂಬ ದೈವಾರಾಧನೆ, ಕಷ್ಟ ಬಂದರೆ ಹರಕೆ, ತಪ್ಪಿ ನಡೆದರೆ ದೈವಕ್ಕೆ ತಪ್ಪುಕಾಣಿಕೆ. ಈಗ ನಂಬಿಕೆ ಹೋಗಿದೆ, ಅದರ ಹಿಂದೆಯೇ ‘ನೋಡುವವನೇ ಇಲ್ಲದ ಮೇಲೆ ನಾನಿದ್ದರೆಷ್ಟು, ಇಲ್ಲದಿದ್ದರೆಷ್ಟು’ ಎಂಬ ಯೋಚನೆ ಹಿಡಿದಿದೆ ಎಂದು ಬರೆದಿದ್ದೀರಿ. ಒಂದು ಕಾಲಕ್ಕೆ ನನ್ನ ಪ್ರಶ್ನೆಯೂ ಇದೇ ಆಗಿತ್ತು. ದೇವರ ಜಾಗದಲ್ಲಿ ಏನನ್ನು ಇಟ್ಟುಕೊಂಡರೆ ಬೆಲೆ ಮರಳಿ ಬರುತ್ತದೆ, ದುಡಿಮೆಯೋ ಸಮಾಜಸೇವೆಯೋ, ನೇಮಕ್ಕೆ ಇನ್ನು ಹೋಗಬೇಕೇ ಎಂದು ಕೇಳಿದ್ದೀರಿ. ಆ ಜಾಗದಲ್ಲಿ ಏನನ್ನೂ ಇಡಬೇಡಿ ಎನ್ನುತ್ತೇನೆ ನಾನು. ನನಗೆ ದುಬಾರಿಯಾದದ್ದು ಅಲ್ಲಿ ಇನ್ನೊಂದನ್ನು ಇಟ್ಟದ್ದೇ. ಆ ತಪ್ಪನ್ನು ಸ್ವಲ್ಪ ಉದ್ದಕ್ಕೆ ಬಿಡಿಸಿ ಹೇಳುತ್ತೇನೆ.

ನಂಬಿಕೆ ಬಿಟ್ಟವರು ಹೆಚ್ಚಾಗಿ ಮೊದಲು ಹಿಡಿದುಕೊಳ್ಳುವುದು ಉಪಯೋಗವನ್ನು. ‘ದೇವರಿಲ್ಲದಿದ್ದರೇನು, ನಾಲ್ಕು ಜನರಿಗೆ ಬೇಕಾದವನಾಗಿ ಬದುಕಿದರೆ ಸಾಕು’ ಅನ್ನುತ್ತೇವೆ. ರಕ್ತದಾನ, ಊರ ಕೆಲಸ, ಮನೆಯ ಸಾಲ ತೀರಿಸುವುದು, ತಂಗಿಯ ಓದು, ಎಲ್ಲವೂ ಒಳ್ಳೆಯವೇ. ತಪ್ಪು ಇರುವುದು ಲೆಕ್ಕದಲ್ಲಿ. ಕೆಲಸಕ್ಕೆ ಬಂದ ದಿನ ನನಗೆ ಬೆಲೆ ಉಂಟು ಎಂದಾದರೆ, ಜ್ವರ ಬಂದು ಮಲಗಿದ ದಿನ ಇಲ್ಲ ಎಂದೂ ಆಯಿತು. ಆಗ ಮಲಗಲಿಕ್ಕೇ ಹೆದರಿಕೆ. ಯಾರಾದರೂ ಸಹಾಯ ಬೇಡ ಅಂದರೆ ಅವಮಾನ, ಮಾಡಿದ ಉಪಕಾರ ಮರೆತರೆ ಸಿಟ್ಟು, ಇನ್ನೊಬ್ಬರು ಹೆಚ್ಚು ಮಾಡಿದರೆ ಹೊಟ್ಟೆಕಿಚ್ಚು. ಹರಕೆ ತೀರಿಸಿದರೆ ದೈವ ಸುಮ್ಮನಾಗುತ್ತಿತ್ತು. ಉಪಯೋಗ ಎಂಬ ಈ ಹೊಸ ಯಜಮಾನನಿಗೆ ಎಷ್ಟು ಕೊಟ್ಟರೂ ಮರುದಿನ ಬೆಳಿಗ್ಗೆ ಲೆಕ್ಕ ಸೊನ್ನೆಯಿಂದಲೇ ಶುರು. ನಂಬಿಕೆ ಬಿಟ್ಟದ್ದಕ್ಕೆ ಈ ನೋವು ಎಂದುಕೊಳ್ಳುತ್ತೇವೆ. ಅಲ್ಲ, ಬೆಲೆಯನ್ನು ದುಡಿದು ಪಡೆಯಬೇಕು ಎಂದುಕೊಂಡದ್ದಕ್ಕೆ ಈ ನೋವು.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮನೋವಿಜ್ಞಾನಿಗಳಾದ ಜೆನಿಫರ್ ಕ್ರಾಕರ್ ಮತ್ತು ಕೋನಿ ವುಲ್ಫ್ 2001ರಲ್ಲಿ, ಜನ ತಮ್ಮ ಬೆಲೆಯನ್ನು ಯಾವುದರ ಮೇಲೆ ಪಣಕ್ಕಿಡುತ್ತಾರೆ ಎಂಬುದನ್ನು ವಿಂಗಡಿಸಿದರು. ಪರರ ಮೆಚ್ಚುಗೆ, ರೂಪ, ಪೈಪೋಟಿ, ಓದು, ಮನೆಯವರ ಪ್ರೀತಿ, ಸದ್ಗುಣ, ದೇವರ ಪ್ರೀತಿ, ಹೀಗೆ. ಉನ್ನತ ಓದಿಗೆ ಅರ್ಜಿ ಹಾಕಿದ ವಿದ್ಯಾರ್ಥಿಗಳನ್ನು ಕ್ರಾಕರ್ ಮತ್ತು ಸಂಗಡಿಗರು ಗಮನಿಸಿದಾಗ, ಸೀಟು ಸಿಕ್ಕ ದಿನ ಆತ್ಮಗೌರವ ಏರಿತು, ತಿರಸ್ಕಾರದ ಪತ್ರ ಬಂದ ದಿನ ಇಳಿಯಿತು. ಓದಿನ ಮೇಲೆಯೇ ತಮ್ಮ ಬೆಲೆ ಕಟ್ಟಿಕೊಂಡವರಲ್ಲಿ ಈ ಏರಿಳಿತ ಹೆಚ್ಚು. ದೇವರನ್ನು ತೆಗೆದು ಕೆಲಸವನ್ನು ಇಟ್ಟರೆ ಪಣದ ವಸ್ತು ಮಾತ್ರ ಬದಲಾಗುತ್ತದೆ, ಜೂಜು ನಿಲ್ಲುವುದಿಲ್ಲ.

ಉಪಯೋಗದ ಲೆಕ್ಕ ಸುಳ್ಳು ಎಂದು ತಿಳಿಯಲು ನಿಮ್ಮ ಊರಿಗಿಂತ ದೂರ ಹೋಗಬೇಕಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಪಂಚಾಯತುಗಳ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ನಿಮಗೆ ಗೊತ್ತೇ ಇದೆ. ಸಂತ್ರಸ್ತರ ಪಟ್ಟಿಯಲ್ಲಿರುವ ಎಷ್ಟೋ ಮನೆಗಳಲ್ಲಿ ತಲೆ ಎತ್ತಲಾರದ, ಮಾತಾಡಲಾರದ, ಮೂವತ್ತು ದಾಟಿದ ‘ಮಕ್ಕಳು’ ಇದ್ದಾರೆ. ಅವರು ಯಾರಿಗೂ ಸಂಬಳ ತಂದುಕೊಡುವುದಿಲ್ಲ, ಮುಂದೆ ಏನಾದರೂ ಆದಾರು ಎಂಬ ಭರವಸೆಯೂ ಇಲ್ಲ. ಉಪಯೋಗವೇ ಬೆಲೆಯಾದರೆ ಅವರಿಗೆ ಬೆಲೆಯಿಲ್ಲ ಎನ್ನಬೇಕು. ಹಾಗೆ ಅನ್ನಲು ನಿಮಗೆ ಬಾಯಿ ಬರುವುದಿಲ್ಲ. ಬಾರದಿದ್ದರೆ ನಿಮ್ಮ ವಿಷಯದಲ್ಲೂ ಅನ್ನುವ ಹಾಗಿಲ್ಲ.

‘ಅದು ನಮ್ಮ ಕರುಣೆ ಕೊಟ್ಟ ಬೆಲೆ, ಕರುಣೆ ಹೋದರೆ ಬೆಲೆಯೂ ಹೋಯಿತು’ ಎಂದು ನೀವು ವಾದಿಸಬಹುದು. ಅದಕ್ಕೂ ಉತ್ತರ ಉಂಟು. ಹೊರಗಿನವರು ಯಾರೂ ತಿರುಗಿ ನೋಡದ ವರ್ಷಗಳಲ್ಲೂ ಆ ಸಿಂಪಡಣೆ ಅನ್ಯಾಯವೇ ಆಗಿತ್ತು. ಮರುಕ ಬಂದದ್ದು ತಡವಾಗಿ, ಅನ್ಯಾಯ ಅದಕ್ಕೂ ಮೊದಲೇ ಇತ್ತು. ನೋಯುವ ಜೀವಕ್ಕೆ ತನ್ನ ನೋವು ತನ್ನದು, ತನ್ನ ಬದುಕು ತನಗೆ ಮುಖ್ಯ. ಹೊರಗಿನಿಂದ ಯಾರೂ ಮುದ್ರೆ ಒತ್ತಬೇಕಾಗಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಹೇಳಿತು. ಅದು ಅವರ ಬೆಲೆ ಅಲ್ಲ. ಬೆಲೆ ಇರುವವರಿಗೆ ಅನ್ಯಾಯವಾಗಿದೆ ಎಂಬುದಕ್ಕೆ ತೆತ್ತ ಬಾಕಿ.

ಇದನ್ನು ಓದಿ ಒಪ್ಪುವುದಕ್ಕಿಂತ ಕೈಯಿಂದ ತಿಳಿಯುವುದು ಒಳ್ಳೆಯದು. ಹಾಸಿಗೆ ಹಿಡಿದವರ ಆರೈಕೆಯನ್ನು ಒಮ್ಮೆ ಸರಿಯಾಗಿ ಕಲಿಯಿರಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೈಕಾಲು ಹಿಡಿದು ಎಳೆದರೆ ಬೆನ್ನಿನ ಚರ್ಮ ಉಜ್ಜಿ ಕಿತ್ತುಬರುತ್ತದೆ. ಅದಕ್ಕೆ ಭುಜದಿಂದ ತೊಡೆಯವರೆಗೆ ಬರುವಂತೆ ಮಡಿಸಿದ ಬೆಡ್‌ಶೀಟನ್ನು ಅಡಿಗೆ ಹಾಸಿ, ಇಬ್ಬರು ಎರಡು ಬದಿ ಹಿಡಿದು, ಎತ್ತಿ ಸರಿಸಬೇಕು. ಪೂರ್ತಿ ಮಗ್ಗುಲಿಗೆ ಮಲಗಿಸಿದರೆ ಭಾರವೆಲ್ಲ ಸೊಂಟದ ಎಲುಬಿನ ಮೇಲೆ ಬೀಳುತ್ತದೆ, ಆದ್ದರಿಂದ ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟೇ ಓರೆ ಮಾಡಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಅಡಿಗೆ ಇನ್ನೊಂದು ದಿಂಬು. ತಿರುಗಿಸಿದಾಗಲೆಲ್ಲ ಬೆನ್ನಿನ ಬುಡ, ಸೊಂಟ, ಹಿಮ್ಮಡಿ, ಕಿವಿ ನೋಡಿ. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ, ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಯಲ್ಲಿ ಕೆಂಪು ಕಾಣುವುದು ಕಷ್ಟ, ಕೈಯಿಟ್ಟು ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ಗಟ್ಟಿಯೋ ನೋಡಬೇಕು. ಆ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕುವವರಿದ್ದಾರೆ. ತಿಕ್ಕಿದರೆ ಒಳಗಿನ ಪದರ ಇನ್ನಷ್ಟು ಹಾಳಾಗುತ್ತದೆ. ಗಂಜಿ ಕೊಡುವಾಗ ಕೂರಿಸಿ, ಗಲ್ಲ ಸ್ವಲ್ಪ ಕೆಳಗಿರಲಿ. ಗಂಟಲು ಏರಿ ಇಳಿದದ್ದು ಕಂಡ ಮೇಲೆಯೇ ಮುಂದಿನ ಚಮಚ. ಉಂಡ ಬಳಿಕ ಅರ್ಧ ಗಂಟೆ ಮಲಗಿಸಬಾರದು, ಅನ್ನ ಶ್ವಾಸಕೋಶಕ್ಕೆ ಇಳಿದೀತು.

ಇದೆಲ್ಲದಕ್ಕೂ ಮೊದಲು ಮಾಡಬೇಕಾದ್ದು ಒಂದುಂಟು. ಮುಟ್ಟುವ ಮೊದಲು ಹೆಸರು ಹಿಡಿದು ಕರೆದು, ‘ಈಗ ಎಡಗಡೆಗೆ ತಿರುಗಿಸುತ್ತೇವೆ’ ಎಂದು ಹೇಳಬೇಕು. ಬಟ್ಟೆ ಬದಲಿಸುವಾಗ ಕಿಟಕಿ ಮುಚ್ಚಿ, ಬೇಕಾದಷ್ಟೇ ಮೈ ತೆರೆಯಬೇಕು. ಉತ್ತರ ಬರುವುದಿಲ್ಲ, ಆದರೂ ಹೇಳಲೇಬೇಕು. ಒಳ್ಳೆಯ ನರ್ಸುಗಳು ಇದನ್ನು ಬಿಡುವುದೇ ಇಲ್ಲ. ಅವರಲ್ಲಿ ನಂಬುವವರೂ ಇದ್ದಾರೆ, ನಂಬದವರೂ ಇದ್ದಾರೆ, ಹೇಳುವ ಮಾತು ಒಂದೇ.

ದೇವರ ಹೆಸರೆತ್ತದೆ ಮನುಷ್ಯನ ಬೆಲೆ ಹೇಳುವುದು ಹೊರಗಿನಿಂದ ಬಂದ ಬುದ್ಧಿ ಎಂದು ಮನೆಯಲ್ಲಿ ಹಿರಿಯರು ಹೇಳಿದರೆ ತಲೆ ತಗ್ಗಿಸಬೇಡಿ. ‘ಮನುಷ್ಯ ಜಾತಿ ತಾನೊಂದೆ ವಲಂ’ ಎಂದ ಹತ್ತನೇ ಶತಮಾನದ ಪಂಪ ಜೈನ, ಜೈನರಲ್ಲಿ ಜಗತ್ತನ್ನು ಸೃಷ್ಟಿಸಿದ ದೇವರಿಲ್ಲ. ಬಂಗ್ರಮಂಜೇಶ್ವರದಲ್ಲಿ ಬಸದಿ ಈಗಲೂ ಉಂಟು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಎಚ್. ವಿ. ಕಾಮತ್ ಅವರು ಪೀಠಿಕೆಯನ್ನು ‘ದೇವರ ಹೆಸರಿನಲ್ಲಿ’ ಎಂದು ಆರಂಭಿಸಬೇಕೆಂದು ಸೂಚಿಸಿದರು. ತಿರುವಾಂಕೂರಿನ ತಾಣು ಪಿಳ್ಳೆ ತಾವು ನಂಬುವವರಾಗಿದ್ದೂ, ಇದು ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂದು ವಿರೋಧಿಸಿದರು. ಸೂಚನೆ 41ಕ್ಕೆ 68 ಮತಗಳಿಂದ ಬಿದ್ದುಹೋಯಿತು. ವ್ಯಕ್ತಿಯ ಘನತೆ ಎಂಬ ಮಾತು ಪೀಠಿಕೆಯಲ್ಲಿ ಉಳಿಯಿತು.

ಈಗ ನಿಮ್ಮ ಪ್ರಶ್ನೆಯಲ್ಲಿ ನೀವೇ ಗಮನಿಸದ ಭಾಗಕ್ಕೆ ಬರುತ್ತೇನೆ. ತಪ್ಪುಕಾಣಿಕೆಯ ಮಾತು ಬರೆದಿದ್ದೀರಲ್ಲ, ನಿಜವಾಗಿ ಕಳೆದುಹೋದದ್ದು ಅದು ಎಂದು ನನಗೆ ಅನ್ನಿಸುತ್ತದೆ. ತಪ್ಪು ಮಾಡಿದವನಿಗೆ ಅದನ್ನು ಇಳಿಸಿ ಬರಲು ಒಂದು ಜಾಗ ಇತ್ತು. ಆ ಜಾಗ ಹೋದ ಮೇಲೆ ತಪ್ಪುಗಳೆಲ್ಲ ಒಳಗೇ ಸೇರಿ, ‘ನಾನೇ ಸರಿಯಿಲ್ಲ’ ಎಂಬ ತೀರ್ಪು ಆಗಿಬಿಡುತ್ತದೆ. ದೇವರನ್ನು ನಂಬದ ಆಲ್ಬರ್ಟ್ ಎಲ್ಲಿಸ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ ಹೇಳಿದ ದಾರಿ ಕೆಲಸಕ್ಕೆ ಬರುವಂಥದ್ದು. ಕೃತ್ಯವನ್ನು ತೂಗು, ಮನುಷ್ಯನನ್ನು ತೂಗಬೇಡ. ‘ನಾನು ಕೆಟ್ಟ ಮಗ’ ಎಂದು ಬರೆಯಬೇಡಿ, ‘ಮಂಗಳವಾರ ಅಮ್ಮನ ಮೇಲೆ ರೇಗಿದೆ’ ಎಂದು ಬರೆಯಿರಿ. ಮೊದಲನೆಯದಕ್ಕೆ ಪರಿಹಾರವಿಲ್ಲ, ಎರಡನೆಯದಕ್ಕೆ ಉಂಟು. ಆಮೇಲೆ ಯಾರಿಗೆ ಮಾಡಿದಿರೋ ಅವರ ಎದುರಿಗೇ ಹೋಗಿ, ಮಾಡಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ, ‘ಆದರೆ’ ಸೇರಿಸದೆ. ನಷ್ಟ ತುಂಬುವುದಿದ್ದರೆ ಏನು, ಯಾವ ದಿನದೊಳಗೆ ಎಂದು ಹೇಳಿ, ಆ ದಿನದೊಳಗೆ ಮುಗಿಸಿ. ‘ಕ್ಷಮಿಸಿದ್ದೇನೆ ಅನ್ನಿ’ ಎಂದು ಒತ್ತಾಯಿಸಬೇಡಿ, ಅದು ಅವರಿಗೆ ಬಿಟ್ಟದ್ದು. ಹೆಚ್ಚಿನವರು ಎಡವುವುದು ಹೀಗೆ ಬರೆದಿಡುವ ಪುಸ್ತಕದಲ್ಲಿ. ಒಂದು ವಾರವಾಗುವಾಗ ಅದನ್ನು ಮಾರ್ಕ್ಸ್ ಕಾರ್ಡು ಮಾಡಿ, ಒಳ್ಳೆಯದಕ್ಕೆ ಒಂದು, ಕೆಟ್ಟದಕ್ಕೆ ಒಂದು ಎಂದು ಕೂಡಿಸಿ ಕಳೆಯಲು ತೊಡಗುತ್ತಾರೆ. ಸರಿಪಡಿಸಿದ ಸಾಲನ್ನು ಹೊಡೆದುಹಾಕಿ, ಮೊತ್ತ ಹಾಕಬೇಡಿ.

ನೇಮಕ್ಕೆ ಹೋಗಬೇಕೇ ಬೇಡವೇ ಎಂಬುದಕ್ಕೆ ಹೆಚ್ಚು ಹೇಳಲಿಕ್ಕಿಲ್ಲ. ಹೋಗಿ. ಚಪ್ಪರಕ್ಕೆ ಕೈಕೊಡಿ, ಬಡಿಸಲು ನಿಲ್ಲಿ. ಹರಕೆ ಮಾತ್ರ ಹೇಳಬೇಡಿ, ಯಾಕೆಂದರೆ ನಂಬದೆ ಹೇಳುವುದು ನಂಬುವವರಿಗೆ ಮಾಡುವ ಅಗೌರವ. ಮನೆಯ ಹಿರಿಯರೊಬ್ಬರ ಹತ್ತಿರ ಮುಂಚಿತವಾಗಿ, ಒಬ್ಬರೇ ಇರುವಾಗ, ಒಮ್ಮೆ ಹೇಳಿಬಿಡಿ. ಅಂಗಳದಲ್ಲಿ ಹತ್ತು ಜನರೆದುರು ವಾದಕ್ಕೆ ನಿಲ್ಲಬೇಡಿ.

ಒಂದು ವಿಷಯ ಇದರಿಂದ ಪೂರ್ತಿ ಬೇರೆ. ‘ನನಗೆ ಬೆಲೆಯಿಲ್ಲ’ ಎಂಬುದು ಎರಡು ವಾರಕ್ಕಿಂತ ಹೆಚ್ಚು ದಿನ ಬಿಡದೆ ಇದ್ದು, ನಿದ್ರೆ ಹಸಿವು ಕೆಟ್ಟು, ಮೊದಲು ಖುಷಿ ಕೊಡುತ್ತಿದ್ದದ್ದೂ ರುಚಿಸದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ತತ್ತ್ವ ಸಾಲದು, ಆಪ್ತಸಲಹೆಯೋ ಔಷಧವೋ ಎರಡೂವೋ ಬೇಕಾಗಬಹುದು. ಸಹಾಯವಾಣಿಗಳು ಟೆಲಿ ಮಾನಸ್ 14416, ಕೇರಳದ ದಿಶಾ 1056, ಎರಡೂ ಉಚಿತ. ಸಾಯುವ ಯೋಚನೆ ಬರುತ್ತಿದ್ದರೆ ಈ ಉತ್ತರ ಓದುವುದನ್ನು ನಿಲ್ಲಿಸಿ ಈಗಲೇ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಹಾಗಲ್ಲದಿದ್ದರೆ ನಿಮ್ಮ ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ಪಾಲಿಯೇಟಿವ್ ನರ್ಸನ್ನು, ಅಂದರೆ ಗಂಭೀರ ಕಾಯಿಲೆಯವರ ನೋವು ಇಳಿಸುವ ಸಾಂತ್ವನ ಆರೈಕೆಯ ನರ್ಸನ್ನು, ಕೇಳಿ. ಕೇರಳದಲ್ಲಿ 2008ರಿಂದ ಸಾಂತ್ವನ ಆರೈಕೆಗೆ ಸರ್ಕಾರದ್ದೇ ನೀತಿ ಉಂಟು, ನರ್ಸು ಮನೆಮನೆಗೆ ಹೋಗುತ್ತಾರೆ, ಜೊತೆಗೆ ಸ್ವಯಂಸೇವಕರು ಬೇಕಾಗುತ್ತಾರೆ. ಕನ್ನಡ, ತುಳು, ಮಲಯಾಳ ಮೂರೂ ಬರುವವರಿದ್ದರೆ ಇನ್ನೂ ಅನುಕೂಲ. ಆದರೆ ಅಲ್ಲಿಗೆ ಬೆಲೆ ಗಳಿಸಲಿಕ್ಕೆ ಹೋಗಬೇಡಿ, ಹೋದರೆ ಮೇಲೆ ಹೇಳಿದ ತಪ್ಪೇ ಮರಳಿ ಬರುತ್ತದೆ, ಮಲಗಿರುವವರು ನಿಮ್ಮ ಲೆಕ್ಕದ ಸಾಮಾನಾಗುತ್ತಾರೆ. ಕೆಲಸ ಕಲಿಯಲಿಕ್ಕೆ ಹೋಗಿ. ಉಗುರು ಕತ್ತರಿಸಿಕೊಂಡು, ಉಂಗುರ ವಾಚು ಬಿಚ್ಚಿಟ್ಟು, ಮೊಣಕೈವರೆಗೆ ಸಾಬೂನು ಹಾಕಿ ಕೈ ತೊಳೆದುಕೊಂಡ ಮೇಲೆ ನರ್ಸು ಹೇಳಿದ್ದನ್ನಷ್ಟೇ ಮಾಡಿ. ಫೋಟೋ ತೆಗೆಯಬೇಡಿ.