‘ಮೆಟಲ್ ಮೆಷಿನ್ ಮ್ಯೂಸಿಕ್’ ಬರೀ ತಮಾಷೆನಾ?

ಅಮೆರಿಕದ ರಾಕ್ ಗಾಯಕ ಲೂ ರೀಡ್ ಈ ಆಲ್ಬಮ್‌ನಲ್ಲಿ ಕೇಳುಗರಿಗೆ ಟೋಪಿ ಹಾಕಿದರಾ, ಹೊಗಳುವವರು ಸುಮ್ನೆ ನಾಟಕ ಆಡ್ತಾರಾ ಅಂತ ಕೇಳಿದ್ದೀರಿ. ಈ ಅನುಮಾನ ಆಲ್ಬಮ್ ಬಂದ 1975ರಿಂದಲೂ ಇದೆ. ಹಿಂದಿನ ವರ್ಷದ ಅವರ ಆಲ್ಬಮ್ ಅಮೆರಿಕದಲ್ಲಿ ಟಾಪ್ ಟೆನ್ ಮುಟ್ಟಿತ್ತು. ಅಂಥದ್ದೇ ಹಾಡು ಸಿಗುತ್ತೆ ಅಂತ ಕೊಂಡವರಿಗೆ ಸಿಕ್ಕಿದ್ದು ಎರಡು ಎಲ್‌ಪಿ ರೆಕಾರ್ಡ್ ತುಂಬ ಗಿಟಾರ್ ಫೀಡ್‌ಬ್ಯಾಕ್, ಅಂದರೆ ಗಿಟಾರಿನ ಸದ್ದು ಸ್ಪೀಕರ್‌ನಿಂದ ಮತ್ತೆ ಗಿಟಾರಿಗೇ ಹೊಕ್ಕು ಹುಟ್ಟೋ ಕಿರುಚಾಟ. ಹಾಡಿಲ್ಲ, ಡ್ರಮ್ಸ್ ಇಲ್ಲ. ಎಷ್ಟೋ ಜನ ಅಂಗಡಿಗೆ ವಾಪಸ್ ಕೊಟ್ಟರು. ಕೆಲವೇ ವಾರಗಳಲ್ಲಿ ರೆಕಾರ್ಡ್ ಕಂಪನಿಯೂ ಅದನ್ನು ಹಿಂತೆಗೆದುಕೊಂಡಿತು.

ವಿಮರ್ಶಕರಲ್ಲಿ ಹೆಚ್ಚಿನವರು ಉಗಿದರು. ಲೆಸ್ಟರ್ ಬ್ಯಾಂಗ್ಸ್ ಮಾತ್ರ ‘ಕ್ರೀಮ್’ ಪತ್ರಿಕೆಯಲ್ಲಿ ಅಟ್ಟಕ್ಕೇರಿಸಿ ಬರೆದರು. ಅದರಲ್ಲೂ ಅರ್ಧ ಕೀಟಲೆಯೇ ಅನ್ನಿ. ರೀಡ್ ಕೂಡ ಒಮ್ಮೆ ಗಂಭೀರವಾಗಿ, ಒಮ್ಮೆ ಲೇವಡಿಯಾಗಿ ಮಾತಾಡಿ ಗೊಂದಲ ಜಾಸ್ತಿ ಮಾಡಿದರು.

ನನಗೇನೋ ಇದು ಬರೀ ತಮಾಷೆ ಅನ್ನಿಸಲ್ಲ. ಝೈಟ್‌ಕ್ರಾಟ್ಸರ್ ಅನ್ನೋ ತಂಡ ಇದನ್ನು ಸ್ವರಲಿಪಿಗೆ ಇಳಿಸಿಕೊಂಡು, ಪಿಟೀಲು ಗಿಟೀಲು ಹಿಡಿದು 2002ರಲ್ಲಿ ಬರ್ಲಿನ್‌ನಲ್ಲಿ ನುಡಿಸಿತು. ವೇದಿಕೆಗೆ ರೀಡ್ ಅವರೇ ಬಂದು ಸೇರಿಕೊಂಡರು. ಒಳಗೆ ಏನೂ ಇಲ್ಲದಿದ್ದರೆ ಬರೆದುಕೊಳ್ಳೋದಾದರೂ ಏನನ್ನ, ಅಲ್ವಾ?

ಹಾಗಂತ ಇಷ್ಟ ಆಗಲೇಬೇಕು ಅಂತೇನಿಲ್ಲ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಬರೀ ಕೀರಲು ದನಿ ಬರುತ್ತೆ. ಹೆಡ್‌ಫೋನ್ ಹಾಕಿ, ವಾಲ್ಯೂಮ್ ಕಮ್ಮಿ ಇಡಿ. ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಸದ್ದು ಬರುತ್ತೆ. ಒಂದನ್ನು ತೆಗೆದು ಇನ್ನೊಂದನ್ನಷ್ಟೇ ಐದು ನಿಮಿಷ ಕೇಳಿ. ಕಿರುಚಾಟದ ಅಡಿಯಲ್ಲಿ ಸಣ್ಣ ಸಣ್ಣ ರಾಗದ ತುಣುಕು ಓಡಾಡ್ತಿರುತ್ತೆ. ಎಲ್‌ಪಿ ಸಿಕ್ಕಿದರೆ ನಾಲ್ಕನೇ ಮಗ್ಗುಲು ಹಾಕಿ ನೋಡಿ. ಕೊನೆಯ ಗೆರೆ ಸುತ್ತಿ ಸುತ್ತಿ ಅಲ್ಲೇ ತಿರುಗುತ್ತೆ, ನೀವೇ ಎದ್ದು ಮುಳ್ಳು ಎತ್ತೋವರೆಗೂ ಸದ್ದು ನಿಲ್ಲಲ್ಲ.